ಬಂಡೆಯಾಚೆಯ ನಾಯಿಗಳು

"ಗುರುಗಳೇ, ನೆರೆಯವನು ನಮ್ಮ ಕಣ್ಣೆದುರಿಗೇ ನಮಗಿಂತ ಬಲಶಾಲಿಯಾಗುತ್ತಿದ್ದರೆ ನಾವೇನು ಮಾಡಬೇಕು?"

ಕೇಳಿದವನು ಸೋಮರಸ. ಚಿಕ್ಕಂದಿನಲ್ಲಿ ಹಾಲಯ್ಯನವರ ಮಠದಲ್ಲಿ ಓದಿದವನು. ಈಗ ಕೋಟೆಗುಡ್ಡದ ಪಾಳೆಯದಲ್ಲಿ ನಾಯಕರಿಗೆ ಆಲೋಚನೆ ಹೇಳುವ ಮಂತ್ರಿ. ಪೇಟೆಯಿಂದ ಒಂದೇ ಉಸಿರಿಗೆ ಗುಡ್ಡ ಹತ್ತಿ ಬಂದಿದ್ದ. ಕೂತುಕೊಳ್ಳುವಷ್ಟು ಸಮಾಧಾನವೂ ಅವನಿಗಿರಲಿಲ್ಲ.

ಹಾಲಯ್ಯನವರು ದೀಪದ ಬತ್ತಿ ಹೊಸೆಯುತ್ತಿದ್ದರು. ಏನಾಯಿತು ಹೇಳು ಎಂದರು.

ಸೋಮರಸ ಎಲ್ಲವನ್ನೂ ಹೇಳಿದ. ಹೊಳೆಯಾಚೆಯ ಸೀಮೆ ಒಂದು ಕಾಲಕ್ಕೆ ಉಪ್ಪಿಗೂ ಇವರ ಕಡೆಗೇ ಕೈ ಚಾಚುತ್ತಿತ್ತು. ಈಗ ಅವರ ಬಟ್ಟೆ ಎಲ್ಲ ಅಂಗಡಿಗಳಲ್ಲೂ ಇದೆ. ಹೊಸ ಕೋಟೆ ಕಟ್ಟಿದ್ದಾರೆ. ಹೋದ ವರ್ಷಕ್ಕಿಂತ ಮೂರು ಪಟ್ಟು ಕುದುರೆಗಳಾಗಿವೆಯಂತೆ. ಅವರು ಇನ್ನೂ ಬಲಿಯುವ ಮೊದಲೇ ನಾವೇ ಏರಿಹೋಗೋಣ ಎನ್ನುವವರು ಸಭೆಯಲ್ಲಿದ್ದಾರೆ, ಕಪ್ಪ ಕೊಟ್ಟು ಕೈಮುಗಿಯೋಣ ಎನ್ನುವವರೂ ಇದ್ದಾರೆ. ಕುದುರೆ ದಂಡಿನ ರಾವುತರ ಮುಖ್ಯಸ್ಥ ತನಗೂ ಅಷ್ಟೇ ಕುದುರೆ ಬೇಕೆಂದು ಹಠ ಹಿಡಿದಿದ್ದಾನೆ. ಬೆಳಗಾದರೆ ನಾಯಕರಿಗೆ ಸೋಮರಸನೇ ಕೊನೆಯ ಮಾತು ಹೇಳಬೇಕು. ಅವನು ಏರಿಹೋಗಿ ಎಂದರೆ ದಂಡು ಹೊರಡುತ್ತದೆ.

"ಒಂದು ಕೆಲಸ ಮಾತ್ರ ಸರಿಯಾಗಿ ಮಾಡಿದ್ದೇನೆ" ಎಂದ ಸೋಮರಸ. "ಹೊಳೆ ದಡದಲ್ಲಿ ಎರಡೂ ಕಡೆಯವರು ಸೇರುತ್ತಿದ್ದ ಸಂತೆಯನ್ನು ಮುಚ್ಚಿಸಿದೆ. ಈಗ ದಡದಲ್ಲಿ ನಮ್ಮ ರಾವುತರ ಕಾವಲಿದೆ. ಆ ಕಡೆಯವರು ಈ ಕಡೆಗಿಲ್ಲ, ಈ ಕಡೆಯವರು ಆ ಕಡೆಗಿಲ್ಲ. ಆದರೂ ದಿನದಿನಕ್ಕೆ ಸುದ್ದಿ ಕೆಡುತ್ತಲೇ ಇದೆ. ಕಣ್ಣಿಗೆ ನಿದ್ದೆ ಹತ್ತುತ್ತಿಲ್ಲ ಗುರುಗಳೇ."

ಹಾಲಯ್ಯನವರು ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ನಿಂತು ಕೇಳಿದರೆ ಕತೆ ಕಾಲಿಗೆ ಇಳಿದುಬಿಡುತ್ತದೆ, ಕೂತುಕೋ ಎಂದರು. ಮಂತ್ರಿಯಾದ ಮೇಲೆ ನಡುವೆ ಬಾಯಿ ಹಾಕುವ ಚಾಳಿ ಬಂದಿರುತ್ತದೆ, ಅದನ್ನೂ ಸ್ವಲ್ಪ ಬಿಗಿಹಿಡಿ ಎಂದರು. ಆಮೇಲೆ ಹೇಳತೊಡಗಿದರು.

ಒಬ್ಬ ಕುರುಬನಿದ್ದ. ಒಂದು ಗುಡ್ಡದ ಈಚೆ ಮಗ್ಗುಲಲ್ಲಿ ಅವನ ಹಟ್ಟಿ. ಅಪ್ಪನಿಂದ ಬಂದ ಕುರಿಹಿಂಡು ಅವನದು. ಮನೆಯವರ ಅನ್ನ ಅದೇ, ನಾಲ್ಕು ಜನರ ನಡುವೆ ಅವನ ಮಾನವೂ ಅದೇ. ಗುಡ್ಡದ ಆಚೆ ಮಗ್ಗುಲಲ್ಲಿ ಇನ್ನೊಬ್ಬ ಕುರುಬನಿದ್ದ. ಇಬ್ಬರ ನಡುವೆ ಗೋಡೆಯಂಥ ಒಂದು ಬೋಳು ಬಂಡೆ. ಒಬ್ಬರ ಹಟ್ಟಿ ಇನ್ನೊಬ್ಬರಿಗೆ ಕಾಣುತ್ತಿರಲಿಲ್ಲ. ಬಂಡೆಯ ಪಕ್ಕದಲ್ಲಿ ಒಂದು ಕಾಲುದಾರಿ ಮಾತ್ರ ಇತ್ತು.

ಅವರಲ್ಲಿ ಒಂದು ಪದ್ಧತಿಯಿತ್ತು. ಉಣ್ಣೆ ಕತ್ತರಿಸುವ ಕಾಲ ಬಂದರೆ ಯಾರೂ ತಮ್ಮ ಕುರಿಗೆ ತಾವೇ ಕತ್ತರಿ ಹಾಕುವಂತಿರಲಿಲ್ಲ. ಇವನ ಕುರಿಗೆ ಅವನು ಬಂದು ಹಾಕಬೇಕು, ಅವನ ಕುರಿಗೆ ಇವನು ಹೋಗಿ ಹಾಕಬೇಕು. ಕೂಲಿಯಿಲ್ಲ, ಮುಯ್ಯಿಗೆ ಮುಯ್ಯಿ. ಹಾಗಾಗಿ ಆಚೆಯವನ ಪ್ರತಿಯೊಂದು ಕುರಿಯ ಮೈಮೇಲೂ ವರ್ಷಕ್ಕೊಮ್ಮೆ ಇವನ ಕೈ ಓಡಾಡುತ್ತಿತ್ತು. ಅವನಲ್ಲಿ ಎಷ್ಟು ಮರಿ ಹುಟ್ಟಿದವು, ಯಾವ ಟಗರಿಗೆ ಕಾಲು ಕುಂಟು, ಬಾಗಿಲಲ್ಲಿ ಎಷ್ಟು ನಾಯಿ, ಎಲ್ಲವೂ ಇವನಿಗೆ ಗೊತ್ತು. ಇವನದು ಅವನಿಗೆ ಗೊತ್ತು. ಗುಡ್ಡದ ಜನ ಅದನ್ನು ಸ್ನೇಹವೆಂದು ಹೊಗಳುತ್ತಿರಲಿಲ್ಲ. ಉಣ್ಣೆ ಕತ್ತರಿಸುವ ಕೆಲಸ ಎನ್ನುತ್ತಿದ್ದರು, ಅಷ್ಟೇ.

ಹೀಗಿರುವಾಗ ಆಚೆಯವನು ಬೆಳೆಯತೊಡಗಿದ. ದೂರದಿಂದ ಒಳ್ಳೆಯ ತಳಿಯ ಟಗರು ತಂದ. ಅವನ ಕುರಿಗಳು ಅವಳಿ ಮರಿ ಹಾಕಿದವು. ಮೊದಲು ಈಚೆಯ ಹಟ್ಟಿಗೆ ಬಂದು ಆಮೇಲೆ ಅಲ್ಲಿಗೆ ಹೋಗುತ್ತಿದ್ದ ಉಣ್ಣೆಯ ವ್ಯಾಪಾರಿ ಈಗ ಮೊದಲು ಅಲ್ಲಿಗೇ ಹೋಗುತ್ತಿದ್ದ. ಒಂದು ವರ್ಷ ಕತ್ತರಿಸಲು ಹೋದ ನಮ್ಮ ಕುರುಬನಿಗೆ ಹೊತ್ತು ಮುಳುಗಿದರೂ ಕೆಲಸ ಮುಗಿಯಲಿಲ್ಲ. ಹಿಂದೆಲ್ಲ ಮಧ್ಯಾಹ್ನದ ಊಟಕ್ಕೆ ಮುಗಿಯುತ್ತಿದ್ದ ಕೆಲಸ ಅದು. ಬಾಗಿಲಲ್ಲಿ ಹೊಸ ನಾಯಿಗಳಿದ್ದವು, ಕರುವಿನಷ್ಟು ಎತ್ತರದವು.

ಹೊರಡುವಾಗ ಆಚೆಯವನು ಹೇಳಿದ: "ಅಣ್ಣಾ, ನನ್ನ ಹಿಂಡು ದೊಡ್ಡದಾಯಿತು. ಗುಡ್ಡದ ಮೇಲಿನ ಹುಲ್ಲಿನ ವಿಷಯ ನಾವಿಬ್ಬರೂ ಕೂತು ಮಾತಾಡಿಕೊಳ್ಳಬೇಕು."

ನಮ್ಮ ಕುರುಬ ಕತ್ತರಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಬಂದುಬಿಟ್ಟ. ದಾರಿಯುದ್ದಕ್ಕೂ ಆ ಮಾತನ್ನೇ ಮಗುಚಿ ಹಾಕಿದ. ಅವನು ಕೇಳಿಕೊಂಡನೋ, ಹೆದರಿಸಿದನೋ? ಅಲ್ಲೇ ಕೂತು ಏನಪ್ಪಾ ನಿನ್ನ ಮಾತಿನ ಅರ್ಥ ಎಂದು ಕೇಳಿದ್ದರೆ ಗೊತ್ತಾಗುತ್ತಿತ್ತು. ನಿಜವಾಗಿಯೂ ಹೆದರಿಸಿದ್ದೇ ಇರಬಹುದು, ನಾನೇನು ಬಲ್ಲೆ. ಆದರೆ ಈ ಮಹಾರಾಯ ಕೇಳಲೇ ಇಲ್ಲವಲ್ಲ.

ಮನೆಗೆ ಬಂದವನಿಗೆ ಇನ್ನೊಂದು ಚಿಂತೆ ಹತ್ತಿತು. ಇನ್ನು ಅವನು ನನ್ನ ಕುರಿ ಕತ್ತರಿಸಲು ಬರುತ್ತಾನೆ, ನನ್ನ ಹಿಂಡು ಎಷ್ಟು ಸಣ್ಣದೆಂದು ಕಣ್ಣಾರೆ ನೋಡುತ್ತಾನೆ. ನೋಡಿದ ಮೇಲೆ ಸುಮ್ಮನಿರುತ್ತಾನೆಯೇ? ಈ ವರ್ಷದಿಂದ ಮುಯ್ಯಿ ಬೇಡ ಎಂದು ಹೇಳಿಕಳಿಸಿದ. ಕಾಲುದಾರಿಗೆ ಮುಳ್ಳಿನ ಬೇಲಿ ಬಡಿದ. ತನ್ನ ಕುರಿಗಳಿಗೆ ತಾನೇ ಕತ್ತರಿ ಹಾಕಿದ. ರೂಢಿಯಿಲ್ಲದ ಕೆಲಸವೇನಲ್ಲ, ಆದರೂ ಅವತ್ತು ಬಂಡೆಯ ಕಡೆ ನೋಡಿಕೊಂಡೇ ಕತ್ತರಿಸಿ ಎಷ್ಟೋ ಕುರಿಗಳಿಗೆ ಗಾಯವಾಯಿತು. ಬೇಲಿಯನ್ನು ನೋಡಿ ಅವನಿಗೆ ಒಂದಿಷ್ಟು ಧೈರ್ಯ ಬಂತು. ಇನ್ನು ನನ್ನ ಗುಟ್ಟು ಅವನಿಗೆ ತಿಳಿಯದು ಎಂದುಕೊಂಡ. ಅವನ ಗುಟ್ಟೂ ತನಗೆ ತಿಳಿಯದು ಎಂಬುದು ಅವನಿಗೆ ಹೊಳೆಯಲಿಲ್ಲ.

ಆದರೆ ಹೆದರಿದವನಿಗೆ ಸುದ್ದಿ ಬೇಕೇ ಬೇಕಲ್ಲ. ಕಣ್ಣಿಗೆ ಬೇಲಿ ಬಿದ್ದಿತ್ತು, ಕಿವಿ ಉಳಿದಿತ್ತು. ಹೆಂಡತಿಯ ತಮ್ಮನನ್ನು ಕರೆಸಿ, ನಾಲ್ಕು ನಾಯಿಗಳೊಡನೆ ಬಂಡೆಯ ಬುಡದಲ್ಲಿ ಕಾವಲಿಗೆ ಕೂರಿಸಿದ. ಸಂಜೆ ಹಿಂಡು ದೊಡ್ಡಿಗೆ ಸೇರುವಾಗ ನಾಯಿಗಳು ಬೊಗಳುತ್ತವೆ. ಆಗ ಬಂಡೆಯ ಕಡೆಯಿಂದಲೂ ಬೊಗಳು ಕೇಳಿಸಿತು. ಮೈದುನ ಕಿವಿಗೊಟ್ಟು ಕೇಳಿ ಓಡಿಬಂದ. ಭಾವಾ, ಅಲ್ಲಿ ನಮಗಿಂತ ಹೆಚ್ಚು ನಾಯಿಗಳಿವೆ ಎಂದ.

ಕುರುಬ ಒಂದು ಕುರಿ ಕೊಟ್ಟು ಒಂದು ನಾಯಿಯಂತೆ ಇನ್ನಷ್ಟು ನಾಯಿಗಳನ್ನು ತಂದ. ಅವತ್ತೇ ಸಂಜೆ ಆಚೆಯ ಬೊಗಳು ಇಮ್ಮಡಿಯಾಯಿತು. ನಾವು ತಂದ ದಿನವೇ ಅವನೂ ತಂದಿದ್ದಾನೆ, ನಮ್ಮ ಹಟ್ಟಿಯೊಳಗೇ ಅವನ ಕಡೆಯವರು ಯಾರೋ ಇದ್ದಾರೆ ಎಂದು ಮೈದುನ ಪಿಸುಗುಟ್ಟಿದ. ಅವನು ಸುಳ್ಳುಗಾರನಲ್ಲ. ಕಿವಿಗೆ ಬಿದ್ದದ್ದನ್ನೇ ಹೇಳಿದ. ಆದರೆ ನಾಯಿ ಹೆಚ್ಚಿದಷ್ಟೂ ಹಟ್ಟಿಯಲ್ಲಿ ಅವನ ಮಾತಿಗೆ ತೂಕ ಹೆಚ್ಚುತ್ತಿತ್ತು, ಅದೂ ನಿಜ. ಅಂದಿನಿಂದ ಕುರುಬ ತನ್ನ ಆಳುಗಳನ್ನೂ ಅನುಮಾನದಿಂದ ನೋಡತೊಡಗಿದ. ಅವರು ಒಬ್ಬೊಬ್ಬರಾಗಿ ಬೇರೆ ಕಡೆ ಕೆಲಸ ಹುಡುಕಿಕೊಂಡು ಹೋದರು.

ಒಂದು ದಿನ ಹೆಂಡತಿ ಬರಿದಾದ ಅಂಬಲಿಯ ಗಡಿಗೆಯನ್ನು ತಂದು ಅವನ ಮುಂದಿಟ್ಟಳು. "ನಾಯಿಗಳಿಗೆ ಹಾಕಿ ಹಾಕಿ ಮಕ್ಕಳಿಗೆ ತಳದ ಗಂಜಿಯೂ ಉಳಿಯುತ್ತಿಲ್ಲ. ಕುರಿ ಕಾಯಲು ನಾಯಿ ಸಾಕಿದ್ದೀರೋ, ನಾಯಿ ಸಾಕಲು ಕುರಿ ಕಾಯುತ್ತಿದ್ದೀರೋ, ಅದನ್ನಾದರೂ ಹೇಳಿ."

ಅಂದಿನಿಂದ ಅವನು ನಾಯಿಗಳಿಗಾಗಿ ಕುರಿ ಕೊಯ್ಯಲು ಶುರುಮಾಡಿದ. ಮೊದಲು ಕುಂಟು ಕುರಿ, ಆಮೇಲೆ ಮುದಿ ಕುರಿ, ಆಮೇಲೆ ಕೈಗೆ ಸಿಕ್ಕಿದ್ದು.

ಸುಗ್ಗಿ ಮುಗಿಯಿತು. ಗುಡ್ಡದ ಹುಲ್ಲು ಒಣಗಿತು. ಕುರುಬರು ಬಯಲಿಗೆ ಇಳಿಯುವ ಕಾಲ ಅದು. ಕೊಯ್ಲಾದ ಹೊಲಗಳಲ್ಲಿ ಹಿಂಡು ತಂಗಿಸಿದರೆ ನೆಲಕ್ಕೆ ಗೊಬ್ಬರವಾಗುತ್ತದೆ, ರೈತರು ಜೋಳ ಕೊಡುತ್ತಾರೆ, ಕುರಿಗೆ ಕೂಳೆ ಮೇವು ಸಿಗುತ್ತದೆ. ಅವನ ಅಪ್ಪ ಇಳಿದಿದ್ದ, ಅಜ್ಜ ಇಳಿದಿದ್ದ. ಇವನು ಇಳಿಯಲಿಲ್ಲ. ನಾನು ಬೆನ್ನು ತಿರುಗಿಸಿದರೆ ಅವನು ಗುಡ್ಡ ನುಂಗುತ್ತಾನೆ ಎಂದ. ಹೆಂಡತಿ ಗೋಗರೆದಳು, ಅತ್ತಳು. ದಿನಾ ಸಂಜೆ ಬೊಗಳು ಕೇಳುತ್ತಿಲ್ಲವೇ, ಅವನು ಅಲ್ಲೇ ಇದ್ದಾನೆ ಎಂದು ಇವನು ಬಂಡೆಯ ಕಡೆ ಕೈ ತೋರಿಸಿದ.

ಕುರಿಗಳು ಒಣ ಕಡ್ಡಿ ತಿಂದು ಸೊರಗಿದವು. ತಾಯಿಕುರಿಗಳಲ್ಲಿ ಹಾಲು ಬತ್ತಿತು. ಒಂದು ಬೆಳಗ್ಗೆ, ಹಸಿದ ನಾಯಿಯೊಂದು ದೊಡ್ಡಿಯೊಳಗೇ ಒಂದು ಮರಿಗೆ ಬಾಯಿ ಹಾಕಿತು. ಕಾವಲಿನ ನಾಯಿ. ಕುರುಬ ಸತ್ತ ಮರಿಯನ್ನು ಎತ್ತಿಕೊಂಡು ಹೋಗಿ ಬೇಲಿಯ ಬುಡದಲ್ಲಿ ಹೂತ. ಆಮೇಲೆ ಎದ್ದು, ಪೂರ್ತಿ ಮುಳುಗುವ ಮೊದಲು ನಾನೇ ಅವನ ಮೇಲೆ ಬೀಳುತ್ತೇನೆ ಎಂದ. ಬೇಲಿ ಕಿತ್ತ. ಎಲ್ಲ ನಾಯಿಗಳನ್ನೂ ಬಿಟ್ಟುಕೊಂಡು, ದೊಣ್ಣೆ ಹಿಡಿದು, ಮೈದುನನೊಡನೆ ಬಂಡೆ ದಾಟಿದ.

ಆಚೆ ಹಟ್ಟಿಯಲ್ಲಿ ಯಾರೂ ಇರಲಿಲ್ಲ. ಒಲೆಯ ಬೂದಿ ತಣ್ಣಗಿತ್ತು. ದೊಡ್ಡಿಯಲ್ಲಿ ಕುರಿಹಿಕ್ಕೆ ಒಣಗಿ ಪುಡಿಯಾಗಿತ್ತು. ಸುಗ್ಗಿ ಮುಗಿದ ಕೂಡಲೇ ಅವನು ಹಿಂಡು ಹೊಡೆದುಕೊಂಡು, ನಾಯಿಗಳನ್ನೂ ಕರೆದುಕೊಂಡು ಬಯಲಿಗೆ ಇಳಿದಿದ್ದ. ನಮ್ಮ ಕುರುಬನ ನಾಯಿಗಳು ಖಾಲಿ ದೊಡ್ಡಿಯನ್ನು ನೋಡಿ ಬೊಗಳಿದವು. ಬಂಡೆಯ ಕಡೆಯಿಂದ ಅಷ್ಟೇ ನಾಯಿಗಳು ತಿರುಗಿ ಬೊಗಳಿದವು. ಕುರುಬ ಹಿಂದಿರುಗಿ ನೋಡಿದ. ಅಲ್ಲಿ ಬಂಡೆಯೊಂದೇ ಇತ್ತು.

ಸೋಮರಸನಿಗೆ ತಡೆಯಲಾಗಲಿಲ್ಲ. "ಗುಡ್ಡದಲ್ಲೇ ಹುಟ್ಟಿ ಬೆಳೆದವನಿಗೆ ಮಾರುದನಿ ಗೊತ್ತಿರಲಿಲ್ಲವೇ ಗುರುಗಳೇ?"

ಹಾಕಿದೆಯಲ್ಲ ಬಾಯಿ, ಎಂದರು ಹಾಲಯ್ಯನವರು. ಗೊತ್ತಿರಲಿಲ್ಲ ಎಂದು ಹೇಳಿದವರಾರು? ಹುಡುಗನಾಗಿದ್ದಾಗ ಅದೇ ಬಂಡೆಯೆದುರು ನಿಂತು ತನ್ನ ಹೆಸರು ಕೂಗಿ, ತಿರುಗಿ ಬಂದದ್ದನ್ನು ಕೇಳಿ ನಕ್ಕವನು ಅವನು. ಮುಯ್ಯಿ ಇದ್ದಷ್ಟು ದಿನ ಆಚೆ ಎಷ್ಟು ನಾಯಿಗಳಿವೆ ಎಂದು ಕಂಡಿದ್ದ, ಹಾಗಾಗಿ ಬಂಡೆಯ ಬೊಗಳು ಯಾವುದು ನಾಯಿಯದು ಯಾವುದು ಎಂದು ತಿಳಿಯುತ್ತಿತ್ತು. ಕಾಣುವುದು ನಿಂತ ಮೇಲೆ ಕೇಳಿದ್ದೆಲ್ಲ ನಾಯಿಯಾಯಿತು.

ಸೋಮರಸನ ಮುಖ ಸ್ವಲ್ಪ ತಿಳಿಯಾಯಿತು. ಹಾಗಾದರೆ ನೆರೆಯವನಿಂದ ನಮಗೆ ಅಪಾಯವೇನೂ ಇಲ್ಲ ಎಂದಾಯಿತು, ಬರಿದೇ ನಮ್ಮ ಭಯ ಎಂದ.

ಹಾಲಯ್ಯನವರು ಹೊಸೆಯುತ್ತಿದ್ದ ಬತ್ತಿಯನ್ನು ಕೆಳಗಿಟ್ಟರು. ಅವರಿಗೆ ಸಿಟ್ಟು ಬಂದಿತ್ತು.

ಕತೆ ಮುಗಿಯಿತೆಂದು ನಿನಗೆ ಹೇಳಿದವರಾರು? ಮಳೆ ಬಿತ್ತು. ಆಚೆಯವನು ಹಿಂತಿರುಗಿದ. ಬಯಲಿನ ಮೇವು ತಿಂದ ಅವನ ಹಿಂಡು ಇನ್ನೂ ದೊಡ್ಡದಾಗಿತ್ತು. ಒಂದು ದಿನ ಕಾಲುದಾರಿಯಲ್ಲಿ ಹತ್ತಿ ಬಂದು ಬೇಲಿ ಬಿದ್ದಿದ್ದನ್ನು ನೋಡಿದ, ಈಚೆಯ ದೊಡ್ಡಿಯಲ್ಲಿ ಉಳಿದಿದ್ದ ಬೆರಳೆಣಿಕೆಯ ಕುರಿಗಳನ್ನು ನೋಡಿದ. ಹುಲ್ಲಿನ ವಿಷಯ ಕೂತು ಮಾತಾಡೋಣ ಎಂದು ಈ ಸಲ ಅವನು ಹೇಳಲಿಲ್ಲ. ಇಡೀ ಗುಡ್ಡಕ್ಕೆ ಹಿಂಡು ಬಿಟ್ಟ. ಒಂದು ದೊಣ್ಣೆಯನ್ನೂ ಎತ್ತಬೇಕಾಗಲಿಲ್ಲ. ಈಚೆ ಹಟ್ಟಿಯಲ್ಲಿ ಅಂಬಲಿ ಕಾಣದ ನಾಯಿಗಳು ಒಂದೊಂದಾಗಿ ಬಂಡೆ ದಾಟಿ ಹೋದವು. ಅಲ್ಲಿ ಅಂಬಲಿಯಿತ್ತು. ಕುರುಬ ಹೆಸರು ಹಿಡಿದು ಕರೆದ. ಒಂದೂ ತಿರುಗಿ ನೋಡಲಿಲ್ಲ. ಆಮೇಲೆ ಸಂಜೆ ಹೊತ್ತು ಬಂಡೆಯಾಚೆಯಿಂದ ಬೊಗಳು ಕೇಳುತ್ತಿತ್ತು, ಈ ಸಲ ನಿಜವಾದ ಬೊಗಳು. ಅವನೂ ಹೆಂಡತಿಯೂ ಬಾಗಿಲು ಹಾಕಿಕೊಂಡು ಕೇಳುತ್ತಿದ್ದರು.

ಆ ಕುರುಬ ಹೆದರಲೇಬಾರದಿತ್ತೇ ಎಂದು ಸೋಮರಸ ಮೆಲ್ಲಗೆ ಕೇಳಿದ.

ಹೆದರಬೇಕಿತ್ತು ಎಂದರು ಹಾಲಯ್ಯನವರು. ಹೆದರಿದವನು ಕತ್ತರಿ ಹಿಡಿದುಕೊಂಡು ಆಚೆ ಹೋಗಬೇಕಿತ್ತು, ಅವನ ಕುರಿಗೆ ಕೈ ಹಾಕಿ, ಬಾಗಿಲಿನ ನಾಯಿಗಳನ್ನು ಕಣ್ಣಾರೆ ನೋಡಿ, ಹುಲ್ಲಿನ ಮಾತು ಎತ್ತಬೇಕಿತ್ತು. ತನ್ನ ಹಿಂಡು ಇನ್ನೂ ಹಿಂಡಾಗಿದ್ದಾಗಲೇ ಎತ್ತಬೇಕಿತ್ತು.

ಗುಡ್ಡದ ಕೆಳಗೆ ಪಾಳೆಯದ ಲಾಯದ ಕಡೆಯಿಂದ ಕುದುರೆಗಳ ಕೆನೆತ ಕೇಳಿಬಂತು. ಸೋಮರಸ ಎದ್ದು ಉತ್ತರೀಯ ಸರಿಮಾಡಿಕೊಂಡ. ಹೊಳೆಯಾಚೆ ಮೂರು ಪಟ್ಟು ಕುದುರೆಗಳಿರುವಾಗ ಬೆಳಗಾದರೆ ನಾಯಕರಿಗೆ ನಾನು ಏನೆಂದು ಹೇಳಲಿ ಎಂದು ಕೈಮುಗಿದು ಕೇಳಿದ.

ಹಾಲಯ್ಯನವರು ಮತ್ತೆ ಬತ್ತಿ ಕೈಗೆತ್ತಿಕೊಂಡರು.

"ಸಂತೆ ಮುಚ್ಚಿಸಿದ ಮೇಲೆ, ಆ ಕುದುರೆಗಳನ್ನು ನಿಮಗಾಗಿ ಎಣಿಸಿ ಹೇಳುತ್ತಿರುವವರು ಯಾರಪ್ಪಾ?"