ಎಬ್ಬಿಸುವ ಹುಡುಗಿ

ಮಕ್ಕಳೇ, ಮಕ್ಕಳ ಅಪ್ಪ-ಅಮ್ಮಂದಿರೇ, ಈ ಕಥೆಯಲ್ಲಿ ಒಂದಕ್ಷರವೂ ಸುಳ್ಳಿಲ್ಲ. ಆಣೆ ಮಾಡಿ ಹೇಳುತ್ತೇನೆ. ಸುತ್ತ ಮೂರು ತಾಲೂಕಿನಲ್ಲಿ ಈ ಮಾಮನಷ್ಟು ಸತ್ಯವಂತ ಇನ್ನೊಬ್ಬನಿಲ್ಲ. ಅನುಮಾನವಿದ್ದರೆ ನನ್ನನ್ನೇ ಕೇಳಿ.

ಮಂಡಕ್ಕಿ ಭಟ್ಟಿಗಳಿರುವ ಒಂದು ಓಣಿ. ಅಲ್ಲೊಂದು ಅಂಗನವಾಡಿ. ಅದರ ಟೀಚರ್ ಕೊಟ್ರಮ್ಮ. ಮಧ್ಯಾಹ್ನ ಮಕ್ಕಳನ್ನು ಮಲಗಿಸುವುದರಲ್ಲಿ ಅವರನ್ನು ಮೀರಿಸುವವರಿರಲಿಲ್ಲ. ಊಟವಾದ ಮೇಲೆ ಚಾಪೆ ಹಾಸಿ, ತುಟಿಯ ಮೇಲೆ ಬೆರಳಿಟ್ಟು ಒಂದು ಸಲ ‘ಶ್’ ಅಂದರೆ ಸಾಕು, ಇಪ್ಪತ್ತು ಮಕ್ಕಳೂ ನಿದ್ದೆ. ಗೋಡೆಯ ಮೇಲಿನ ಹಲ್ಲಿ ಬಾಯಲ್ಲಿದ್ದ ನೊಣವನ್ನು ಬಿಟ್ಟು ನಿದ್ದೆ ಹೋಗುತ್ತಿತ್ತು. ಆ ನೊಣವೂ ಹಾರಿಹೋಗದೆ ಅಲ್ಲೇ ತೂಕಡಿಸುತ್ತಿತ್ತು. ನಾನೇ ಕಣ್ಣಾರೆ ಕಂಡಿದ್ದೇನೆ, ನನ್ನ ಕಣ್ಣು ಮುಚ್ಚುವುದಕ್ಕೆ ಸ್ವಲ್ಪ ಮುಂಚೆ.

ಕೊಟ್ರಮ್ಮನವರದು ಇಪ್ಪತ್ತೈದು ವರ್ಷದ ಸರ್ವಿಸು. ಈಗ ಮಕ್ಕಳನ್ನು ಕರೆತರುವ ತಾಯಂದಿರಲ್ಲಿ ಅರ್ಧಕ್ಕರ್ಧ ಮಂದಿ ಅಲ್ಲಿಯೇ ಚಾಪೆಯ ಮೇಲೆ ಮಲಗಿ ಎದ್ದವರು. ಹಾಗಾಗಿ ಅವರು ತಾಯಂದಿರಿಗೆ ಹೇಳುತ್ತಿದ್ದರೇ ಹೊರತು ಏನನ್ನೂ ಕೇಳುತ್ತಿರಲಿಲ್ಲ. “ಮೂಗು ಒರೆಸಿಕೊಳ್ಳೋದನ್ನ ಕಲಿಸಿದವಳೇ ನಾನು. ಇವರನ್ನೇನು ಕೇಳೋದು?” ಅನ್ನುತ್ತಿದ್ದರು.

ಹಾಲಮ್ಮನೂ ಅಂಥ ಹಳೇ ಶಿಷ್ಯೆಯೇ. ಅವಳಿಗೆ ಭಟ್ಟಿಯಲ್ಲಿ ಹಗಲಿನ ಕೆಲಸ, ಗಂಡ ಪರಸಪ್ಪನಿಗೆ ಅಲ್ಲೇ ರಾತ್ರಿ ಪಾಳಿ. ಮಗಳು ಹೊನ್ನಿಗೆ ನಾಲ್ಕು ವರ್ಷ. ಆಷಾಢದಲ್ಲಿ ಹಾಲಮ್ಮನ ಐದು ತಿಂಗಳ ಗಂಡುಕೂಸು ಜ್ವರ ಬಂದು ತೀರಿಕೊಂಡಿತು. ಕೊಟ್ರಮ್ಮ ಹೋಗಿ ಮಾತಾಡಿಸಿ ಬಂದರು. ತೂಕದ ರಿಜಿಸ್ಟರಿನಲ್ಲಿ ಕೂಸಿನ ಹೆಸರಿನ ಮೇಲೆ ಗೀಟು ಎಳೆದರು. ಹದಿನೈದು ದಿನದ ಮೇಲೆ ಹೊನ್ನಿ ಮತ್ತೆ ಅಂಗನವಾಡಿಗೆ ಬಂದಳು.

ಬಂದವಳು ಮಲಗಲೂ ಇಲ್ಲ, ಮಲಗಿದವರನ್ನು ಬಿಡಲೂ ಇಲ್ಲ. ಎಲ್ಲರಿಗೂ ನಿದ್ದೆ ಹತ್ತುವುದನ್ನೇ ಕಾದಿದ್ದು, ಒಬ್ಬೊಬ್ಬರ ಬಳಿಗೂ ಹೋಗಿ ಭುಜ ಹಿಡಿದು ಅಲುಗಿಸುವಳು. ಏಳದಿದ್ದರೆ ಚಿವುಟುವಳು. ಆಗಲೂ ಏಳದಿದ್ದರೆ ಬೆರಳಿನಿಂದ ರೆಪ್ಪೆ ಎತ್ತಿ ನೋಡುವಳು. ದಿನಾ ಇಪ್ಪತ್ತು ಮಕ್ಕಳ ಅಳು.

ಕೊಟ್ರಮ್ಮ ಗದರಿದರು. ಮೂಲೆಯಲ್ಲಿ ಕೂರಿಸಿದರು. ಬಾಗಿಲಾಚೆ ಕೂರಿಸಿದರೆ ಹೊನ್ನಿ ಕಿಟಕಿಯ ಸರಳು ಹಿಡಿದು “ಏಳ್ರೋ! ಏಳ್ರೇ!” ಅಂತ ಕಿರುಚಿದಳು.

“ಟೀಚರ್, ಭಟ್ಟಿ ಸೈರನ್ ಕೆಟ್ಟೋಗೈತಂತೆ. ಇವಳನ್ನ ಅಲ್ಲಿಗೆ ಕಳಿಸಿಬಿಡೋಣ,” ಅಂದಳು ಅಡುಗೆ ಮಾಡುವ ಜೈನಾಬಿ. ಕೊಟ್ರಮ್ಮನಿಗೆ ನಗು ಬರಲಿಲ್ಲ.

ಸಂಜೆ ಗೇಟಿನ ಹತ್ತಿರ, ಎಲ್ಲ ತಾಯಂದಿರ ಎದುರಿಗೇ ಹಾಲಮ್ಮನಿಗೆ ಹೇಳಿದರು: “ನಿನ್ನ ಮಗಳಿಗೆ ಸ್ವಲ್ಪ ಬುದ್ಧಿ ಕಲಿಸು. ಮಾನ ಕಳೀತಾಳೆ.”

“ಹ್ಞೂಂ ಟೀಚರ್,” ಅಂದಳು ಹಾಲಮ್ಮ, ನೆಲ ನೋಡುತ್ತ.

ಮರುದಿನ ಹೊನ್ನಿಯ ಕಾಲಿನ ಮೇಲೆ ಬಾಸುಂಡೆ ಇತ್ತು. ಕೊಟ್ರಮ್ಮ ಅದನ್ನು ನೋಡಿದರು, ಮುಖ ತಿರುಗಿಸಿದರು. ಆ ಮಧ್ಯಾಹ್ನವೂ ಹೊನ್ನಿ ಎಲ್ಲರನ್ನೂ ಎಬ್ಬಿಸಿದಳು.

ಹೀಗೇ ಮೂರು ತಿಂಗಳು. ಒಂದು ದಿನ ರೆಪ್ಪೆ ಎತ್ತುವಾಗ ಉಗುರು ತಾಗಿ ಒಬ್ಬ ಹುಡುಗನ ಕಣ್ಣು ಕೆಂಪಾಗಿ ಊದಿಕೊಂಡಿತು. ಅವನ ತಾಯಿ ಓಣಿಗೆಲ್ಲ ಕೇಳುವ ಹಾಗೆ ಕೂಗಾಡಿದಳು: “ಆ ಪಿಶಾಚಿ ಇರೋ ತನಕ ನನ್ನ ಮಗನ್ನ ಕಳಿಸಲ್ಲ. ಯಾರೂ ಕಳಿಸಬ್ಯಾಡ್ರಿ!”

ಹೊನ್ನಿಯನ್ನು ಬಿಡಿಸಿಬಿಡುವುದೆಂದು ಕೊಟ್ರಮ್ಮ ತೀರ್ಮಾನ ಮಾಡಿದರು. ಆ ಭಾನುವಾರ ಮಧ್ಯಾಹ್ನ, ಇನ್ನು ಕಳಿಸಬೇಡ ಎಂದು ಹೇಳುವುದಕ್ಕೇ ಹಾಲಮ್ಮನ ಮನೆಗೆ ಹೋದರು.

ಒಳಗೆ ಪರಸಪ್ಪ ಮಲಗಿದ್ದ. ಹೊನ್ನಿ ಅವನ ತಲೆಯ ಹತ್ತಿರ ಕೂತು ರೆಪ್ಪೆ ಎತ್ತಿದಳು. ಅವನು ಸಿಟ್ಟಾಗಲಿಲ್ಲ. “ಎದ್ದೀನವ್ವಾ, ಎದ್ದೀನಿ,” ಅಂದು ಮತ್ತೆ ಕಣ್ಣು ಮುಚ್ಚಿದ. ಅವಳು ಮತ್ತೆ ಎತ್ತಿದಳು.

“ಮನೇಲೂ ಹಿಂಗೇನಾ?” ಕೊಟ್ರಮ್ಮ ಕೇಳಿದರು.

“ದಿನಾ ಹಿಂಗೇ ಟೀಚರ್. ನಾವಿಬ್ಬರೂ ಕಣ್ತುಂಬ ನಿದ್ದೆ ಮಾಡಿ ಎಷ್ಟು ದಿನ ಆಯ್ತೋ.”

“ಮತ್ತೆ ನನಗ್ಯಾಕೆ ಹೇಳಲಿಲ್ಲ?”

“ನೀವು ಕೇಳಲಿಲ್ಲ ಟೀಚರ್.”

ಕೊಟ್ರಮ್ಮ ಚಾಪೆಯ ಮೇಲೆ ಕೂತರು. “ಈಗ ಕೇಳ್ತೀನಿ. ಯಾವಾಗಿಂದ?”

ಹಾಲಮ್ಮ ತಡೆತಡೆದು ಹೇಳಿದಳು. “ಅವತ್ತು ಕೂಸು ರಾತ್ರಿಯೆಲ್ಲ ಅತ್ತಿತ್ತು. ಮಧ್ಯಾಹ್ನ ಕಣ್ಣು ಮುಚ್ಚಿತು. ಜ್ವರ ಇಳೀತು ಅಂದ್ಕೊಂಡೆ. ನೀರಿಗೆ ಹೋಗಬೇಕಿತ್ತು. ‘ತಮ್ಮ ಮಲಗ್ಯಾನೆ, ಎಬ್ಬಿಸಿದ್ರೆ ಕಾಲು ಮುರೀತೀನಿ’ ಅಂತ ಇವಳಿಗೆ ಹೇಳಿ ಹೋದೆ. ಬಂದು ನೋಡಿದ್ರೆ ಇವಳು ಅವನ ಪಕ್ಕ ಅಲುಗಾಡದೆ ಕೂತಿದ್ಲು. ಬಾಯಿ ಮೇಲೆ ಬೆರಳಿಟ್ಟು ನನಗೇ ಸನ್ನೆ ಮಾಡಿದ್ಲು, ಸದ್ದು ಮಾಡಬ್ಯಾಡ ಅಂತ. ಅವನು ಆಗಲೇ ತಣ್ಣಗಾಗಿದ್ದ.”

ಕೊಟ್ರಮ್ಮ ಹೊನ್ನಿಯ ಕಡೆ ನೋಡಿದರು. ಮೂರು ತಿಂಗಳು ತಾವೂ ಅದೇ ಹುಡುಗಿಯ ಎದುರು ತುಟಿಯ ಮೇಲೆ ಬೆರಳಿಟ್ಟು ‘ಶ್’ ಅಂದಿದ್ದರು. ಎಬ್ಬಿಸಿದರೆ ನೋಡು ಅಂದಿದ್ದರು.

“ತಪ್ಪು ಅವಳದಲ್ಲ ಅಂತ ಯಾರಾದ್ರೂ ಅವಳಿಗೆ ಹೇಳಿದ್ರಾ?”

ಪರಸಪ್ಪ ಎದ್ದು ಕೂತ. ಮಗಳನ್ನು ತೊಡೆಯ ಮೇಲೆ ಎಳೆದುಕೊಂಡ. “ಹೊನ್ನವ್ವಾ, ತಮ್ಮ ಸತ್ತುಹೋದ. ನೀನು ಎಬ್ಬಿಸಿದ್ರೂ ಏಳ್ತಿರಲಿಲ್ಲ. ನಾವ್ಯಾರು ಎಬ್ಬಿಸಿದ್ರೂ ಏಳ್ತಿರಲಿಲ್ಲ. ನೀನು ಏನೂ ಮಾಡಿಲ್ಲ ಕಣವ್ವಾ.”

ಹೊನ್ನಿ ಅವನ ಮುಖವನ್ನೇ ನೋಡಿದಳು. “ಅಪ್ಪಾ, ನೀನು ಮಲಗಬ್ಯಾಡ,” ಅಂದಳು.

ಬಿಡಿಸುವ ಮಾತು ಕೊಟ್ರಮ್ಮನ ಬಾಯಿಂದ ಹೊರಡಲಿಲ್ಲ. ಇಪ್ಪತ್ತೈದು ವರ್ಷದಲ್ಲಿ ಮೊದಲ ಸಲ ಒಬ್ಬ ತಾಯಿಗೆ ಹೀಗೆಂದರು: “ಹಾಲಮ್ಮಾ, ನನಗೆ ತಿಳೀತಿಲ್ಲ. ಏನು ಮಾಡೋಣ, ನೀನೇ ಹೇಳು.”

ಯಾವಾಗಲೂ ಹ್ಞೂಂ ಅನ್ನುತ್ತಿದ್ದ ಹಾಲಮ್ಮ ಯೋಚಿಸಿ ಕೇಳಿದಳು: “ನಾನು ಬಂದು ಅಲ್ಲಿ ಮಲಗಲಾ ಟೀಚರ್?”

ಮರುದಿನದಿಂದ ಭಟ್ಟಿಯ ಊಟದ ಬಿಡುವಿನಲ್ಲಿ, ಉಣ್ಣದೆ ಓಡಿಬರತೊಡಗಿದಳು. ತಲೆತುಂಬ ಬೂದಿ. ಮಗಳ ಚಾಪೆಯ ಮೇಲೆ ಮಲಗಿ “ಎಬ್ಬಿಸು” ಅನ್ನುವಳು. ಹೊನ್ನಿ ಎಬ್ಬಿಸುವಳು, ಹಾಲಮ್ಮ ಏಳುವಳು. ಮತ್ತೆ ಮಲಗುವಳು, ಮತ್ತೆ ಏಳುವಳು. ಕೊಟ್ರಮ್ಮ ಇನ್ನು ‘ಶ್’ ಅನ್ನಲಿಲ್ಲ. ಬೇರೆ ತಾಯಂದಿರ ಮನೆಗೆ ತಾವೇ ಹೋಗಿ, ಸ್ವಲ್ಪ ದಿನ ತಾಳಿಕೊಳ್ಳಿ ಎಂದು ಕೇಳಿಕೊಂಡರು. ಒಂದು ಸಲ ಪರಸಪ್ಪನೂ ಬಂದು ಮಲಗಿದ. ಅವನ ಗೊರಕೆಗೆ ಎರಡು ಹೆಂಚು ಜಾರಿದವು, ಜೈನಾಬಿಯ ಸಾರು ತಾನೇ ಕುದಿಯಿತು.

ಮೂರನೆಯ ದಿನ ಹೊನ್ನಿ ತಾಯಿಯ ಪಕ್ಕದಲ್ಲಿ ಮಲಗಿ ನಿದ್ದೆ ಹೋದಳು. ಎಬ್ಬಿಸುವ ಹೊತ್ತಾಯಿತು. ಹಾಲಮ್ಮ ಮೊದಲು ಬಗ್ಗಿದಳು. ಮಗಳ ಮೂಗಿನ ಕೆಳಗೆ ಬೆರಳಿಟ್ಟು ನೋಡಿದಳು. ಆಮೇಲೆ ಎಬ್ಬಿಸಿದಳು.

ನೀತಿ: ಪುಟ್ಟ ಮಗುವಿನ ಸಂಗತಿ ಅರ್ಧ ಟೀಚರಿಗೆ ಗೊತ್ತು, ಅರ್ಧ ಮನೆಯವರಿಗೆ ಗೊತ್ತು. ಮಗು ತರಗತಿಯಲ್ಲಿ ತಂಟೆ ಮಾಡಿದರೆ ತಂದೆತಾಯಿಯನ್ನು ಗೇಟಿನಲ್ಲಿ ನಿಲ್ಲಿಸಿ ದೂರಬೇಡಿ, ಪಕ್ಕದಲ್ಲಿ ಕೂರಿಸಿಕೊಂಡು ಕೇಳಿ. ಕೇಳದೆ ಕೊಟ್ಟ ಶಿಕ್ಷೆ ನೋವಿರುವ ಜಾಗಕ್ಕೇ ಬೀಳುತ್ತದೆ.

ಇನ್ನು ಆಣೆ ಮಾಡಿದ್ದೇನಲ್ಲ, ಒಂದು ಸಣ್ಣ ಸುಳ್ಳನ್ನು ಒಪ್ಪಿಕೊಂಡುಬಿಡುತ್ತೇನೆ. ಮೂರನೆಯ ದಿನ ನಿದ್ದೆ ಹೋದಳು ಅಂದದ್ದು ನಾನು ಕಟ್ಟಿದ್ದು. ನಲವತ್ತೊಂದು ದಿನ ಬೇಕಾಯಿತು. ನಲವತ್ತೊಂದು ದಿನವೂ ಹಾಲಮ್ಮ ಬಂದಳು.