ಕರೆಂಟ್ ಕೊಡದೆ ಬಂದ ಬೆಳಕು

"ಬುದ್ಧಿ, ಕಣ್ಣು ಮುಚ್ಚಿ ಕೂತ್ರೆ ಒಂದು ಬೆಳಕು ಕಾಣುತ್ತೆ. ಅದು ನಮ್ಮ ನೀಲಮ್ಮ ಬಂದಿರೋದಾ?"

ಹೀಗೆ ಕೇಳಿದವನು ಹಾಲಪ್ಪ. ಹೆಂಡತಿ ನೀಲಮ್ಮ ತೀರಿಕೊಂಡ ಮೇಲೆ ಮಠಕ್ಕೆ ಬಂದು ಸ್ವಾಮಿಗಳ ಶಿಷ್ಯನಾಗಿದ್ದ. ಧ್ಯಾನಕ್ಕೆಂದು ಕೂತವನು ಈಚೆಗೆ ಏಳುವುದನ್ನೇ ಬಿಟ್ಟಿದ್ದ. ಊಟಕ್ಕೆ ಕರೆದರೂ ಬರುತ್ತಿರಲಿಲ್ಲ. ಬರುವವಳು ಅವಳೇ ಆದರೆ ಇಲ್ಲೇ ಕೂತು ಪ್ರಾಣ ಬಿಡುತ್ತೇನೆ, ಅಲ್ಲವಾದರೆ ಹೇಳಿಬಿಡಿ, ಎದ್ದು ಮನೆಗೆ ಹೋಗುತ್ತೇನೆ ಎಂದ.

ಸ್ವಾಮಿಗಳು ಮಠಕ್ಕೆ ಬರುವ ಮುಂಚೆ ಕಾಲೇಜಿನಲ್ಲಿ ವಿದ್ಯುತ್ತಿನ ಪಾಠ ಮಾಡಿದವರು. ಅವರ ಕತೆಗಳಲ್ಲಿ ದೇವರಿಗಿಂತ ತಂತಿಯೇ ಜಾಸ್ತಿ ಎಂದು ಭಕ್ತರು ತಮಾಷೆ ಮಾಡುತ್ತಿದ್ದರು. ಆ ದಿನವೂ ತಂತಿಯ ಕತೆಯನ್ನೇ ಹೇಳಿದರು.

ನೆಲದಡಿ ಹೋಗುವ ದೊಡ್ಡ ಕೇಬಲ್ಲುಗಳಿಗೆ ಪ್ಲಾಸ್ಟಿಕ್ಕಿನ ಹೊದಿಕೆ ಇರುತ್ತದೆ. ವಿದ್ಯುತ್ತು ಹೊರಗೆ ಬರದಂತೆ ತಡೆಯುವುದು ಅದರ ಕೆಲಸ. ಆದರೆ ವೋಲ್ಟೇಜ್ ಏರಿಸುತ್ತ ಹೋದರೆ ಆ ಹೊದಿಕೆಯೊಳಕ್ಕೂ ವಿದ್ಯುತ್ತು ನುಸುಳುತ್ತದೆ. ಒಂದು ಕಡೆಯಿಂದ ಋಣ ವಿದ್ಯುತ್ತು, ಇನ್ನೊಂದು ಕಡೆಯಿಂದ ಧನ ವಿದ್ಯುತ್ತು. ಒಳಗೆಲ್ಲ ಕಣ್ಣಿಗೆ ಕಾಣದ ಗುಂಡಿಗಳು. ಬಂದದ್ದು ಗುಂಡಿಗೆ ಬಿದ್ದು ಕಾಯುತ್ತ ಕೂರುತ್ತದೆ. ತನ್ನ ಜೋಡಿ ಹತ್ತಿರ ಬಂದಾಗ ಎರಡೂ ಸೇರುತ್ತವೆ. ಸೇರಿದ ಕಡೆ ಒಂದು ಚೂರು ಬೆಳಕು ಹುಟ್ಟುತ್ತದೆ. ಕತ್ತಲೆಯ ಪೆಟ್ಟಿಗೆಯಲ್ಲಿಟ್ಟು ಉಪಕರಣದಿಂದ ಎಣಿಸಬೇಕಾದಷ್ಟು ಸಣ್ಣ ಬೆಳಕು. ಅದು ಹುಟ್ಟಿತೆಂದರೆ ಹೊದಿಕೆಗೆ ಮುಪ್ಪು ಶುರುವಾಯಿತೆಂದು ತಿಳಿಯಬೇಕು.

ಎಷ್ಟು ವೋಲ್ಟೇಜಿಗೆ ಆ ಬೆಳಕು ಹುಟ್ಟುತ್ತದೆಂದು ಮುಂಚೆಯೇ ಹೇಳುವ ಲೆಕ್ಕವೊಂದನ್ನು ಒಬ್ಬ ವಿಜ್ಞಾನಿ ಕಟ್ಟಿದ್ದರು. ಗುಂಡಿ ಎಷ್ಟು ಆಳ, ಬಿದ್ದದ್ದು ಎಷ್ಟು ಹೊತ್ತು ಕಾಯುತ್ತದೆ, ಎಲ್ಲವೂ ಅದರಲ್ಲಿತ್ತು. ಬಹಳ ಕಡಿಮೆ ವೋಲ್ಟೇಜಿಗೇ ಬೆಳಕು ಬರುತ್ತದೆ ಎನ್ನುತ್ತಿತ್ತು ಲೆಕ್ಕ. ಯಾರೂ ನಂಬಲಿಲ್ಲ. ಅವರು ಆ ಬೆಳಕನ್ನು ಕಾಣದೆಯೇ ತೀರಿಕೊಂಡರು. ಅವರ ಶಿಷ್ಯನೊಬ್ಬನಿದ್ದ. ಅವನಿಗೆ ಅವರೆಂದರೆ ತಂದೆಗಿಂತ ಹೆಚ್ಚು. ಗುರು ಹೇಳಿದ ವೋಲ್ಟೇಜಿಗೇ ಆ ಬೆಳಕನ್ನು ಒಮ್ಮೆ ಕಂಡುಬಿಟ್ಟರೆ ಸಾಕು ಎಂಬ ಹಂಬಲ ಅವನನ್ನು ತಿನ್ನುತ್ತಿತ್ತು.

ಅವನು ದಿನವೂ ಆ ಪ್ಲಾಸ್ಟಿಕ್ಕಿನ ತೆಳು ಹಾಳೆಯೊಂದನ್ನು ತೆಗೆದುಕೊಳ್ಳುತ್ತಿದ್ದ. ಧೂಳೋ ಗೀರೋ ಇದ್ದೀತೆಂದು ದೀಪಕ್ಕೆ ಹಿಡಿದು ತಿರುಗಿಸಿ ತಿರುಗಿಸಿ ನೋಡುತ್ತಿದ್ದ. ಮದುವೆ ಸೀರೆ ಕೊಳ್ಳುವವರೂ ಅಷ್ಟು ನೋಡಲಿಕ್ಕಿಲ್ಲ. ಆಮೇಲೆ ಪೆಟ್ಟಿಗೆಯಲ್ಲಿಟ್ಟು, ಮುಚ್ಚಿ, ಗುರು ಹೇಳಿದಷ್ಟೇ ವೋಲ್ಟೇಜ್ ಕೊಡುತ್ತಿದ್ದ. ಬೆಳಕು ಬಂತು. ಅವನು ಬಿಕ್ಕಿ ಬಿಕ್ಕಿ ಅತ್ತ. ಗುರುವೇ ಮರಳಿ ಬಂದು ಎದುರಿಗೆ ಕೂತ ಹಾಗಾಯಿತು. ಅದಕ್ಕಿಂತ ಕಡಿಮೆ ಕೊಟ್ಟು ನೋಡಬೇಕೆಂದು ಅವನಿಗೆ ತೋಚಲೇ ಇಲ್ಲ.

ಬೆಳಕು ಒಂದು ದಿನ ಹೆಚ್ಚು, ಒಂದು ದಿನ ಕಡಿಮೆ ಬರುತ್ತಿತ್ತು. ಜೊತೆಯಲ್ಲಿ ಕೆಲಸ ಮಾಡುತ್ತಿದ್ದ ಹೆಂಗಸಿಗೆ ಅನುಮಾನವಾಯಿತು.

"ಸರ್, ಒಂದ್ಸಲ ಕರೆಂಟ್ ಕೊಡದೆ ಎಣಿಸಿ ನೋಡೋಣ" ಎಂದಳು.

ಅವನಿಗೆ ಸಿಟ್ಟು ನೆತ್ತಿಗೇರಿತು. ಆಕೆಯೊಡನೆ ಮಾತು ಬಿಟ್ಟ. ನಿಜವೆಂದರೆ ಅನುಮಾನ ಅವನಿಗೂ ಬಂದಿತ್ತು. ನೋಡದೆ ಇದ್ದರೆ ಗುರು ಇರುತ್ತಾರೆ, ನೋಡಿದರೆ ಇನ್ನೊಮ್ಮೆ ಸಾಯುತ್ತಾರೆ ಎಂಬ ಭಯ ಅವನದು. ಆದರೂ ಗುರುವಿನ ಹೆಸರಿನಲ್ಲಿ ಸುಳ್ಳೊಂದು ಊರೆಲ್ಲ ಹರಡುವುದಕ್ಕೆ ಮನಸ್ಸು ಒಪ್ಪಲಿಲ್ಲ. ಒಂದು ದಿನ ಹಾಳೆಯನ್ನು ಎಂದಿನಂತೆ ನೋಡಿ, ಪೆಟ್ಟಿಗೆಯಲ್ಲಿಟ್ಟು ಮುಚ್ಚಿದ. ಸ್ವಿಚ್ಚಿನ ಮೇಲೆ ಕೈಯಿಟ್ಟ, ಒತ್ತಲಿಲ್ಲ. ಉಪಕರಣ ಎಣಿಸತೊಡಗಿತು. ದಿನವೂ ಬರುತ್ತಿದ್ದ ಬೆಳಕೇ ಬಂತು.

ಆ ಪ್ಲಾಸ್ಟಿಕ್ಕಿನ ಗುಣವೇ ಹಾಗೆ. ದೀಪದೆದುರು ಹಿಡಿದರೆ ದೀಪದ ಬೆಳಕನ್ನು ಕುಡಿದಿಟ್ಟುಕೊಂಡು, ಕತ್ತಲಾದ ಮೇಲೆ ನಿಧಾನವಾಗಿ ಬಿಡುತ್ತದೆ. ಅವನು ಹೆಚ್ಚು ಹೊತ್ತು ಅಕ್ಕರೆಯಿಂದ ಹಿಡಿದು ನೋಡಿದ ದಿನ ಬೆಳಕೂ ಹೆಚ್ಚು ಬರುತ್ತಿತ್ತು. ಅಲ್ಲಿಂದ ಮುಂದೆ ಹಾಳೆಯನ್ನು ಮೊದಲು ಕತ್ತಲೆಯಲ್ಲಿ ಸುಮ್ಮನೆ ಇಟ್ಟು, ಅದು ಕುಡಿದ ಬೆಳಕು ಆರಿದ ಮೇಲೆಯೇ ಕರೆಂಟ್ ಕೊಟ್ಟ. ಗುರು ಹೇಳಿದ ವೋಲ್ಟೇಜಿಗೆ ಏನೂ ಬರಲಿಲ್ಲ. ಅವನು ಏರಿಸುತ್ತ ಹೋದ. ಎಷ್ಟೋ ಮೇಲೆ ಹೋದಾಗ ನಿಜವಾದ ಬೆಳಕು ಬಂತು. ಗುರುವಿನ ಲೆಕ್ಕವನ್ನು ಅವನು ಎಸೆಯಲಿಲ್ಲ. ಅದರಲ್ಲಿ ಬರೆದಿದ್ದ ಗುಂಡಿಗಳ ಆಳವನ್ನಷ್ಟೇ ಹೆಚ್ಚಿಸಿದ. ಆಗ ಲೆಕ್ಕವೂ ಬೆಳಕೂ ಕೂಡಿ ಬಂದವು.

ಸ್ವಾಮಿಗಳು ಕತೆ ನಿಲ್ಲಿಸಿದರು. ಹಾಲಪ್ಪನ ಕಣ್ಣು ತುಂಬಿತ್ತು.

"ಹಂಗಾದ್ರೆ ಅವಳು ಬಂದೇ ಇಲ್ಲ ಅನ್ನಿ, ಬುದ್ಧಿ" ಎಂದ.

ಸ್ವಾಮಿಗಳು ಅವನ ಕೈ ಹಿಡಿದು ಎಬ್ಬಿಸಿದರು.

"ಬಂದಿಲ್ಲ ಹಾಲಪ್ಪ, ಅವಳಿದ್ದಷ್ಟು ದಿನ ನೀನು ಕುಡಿದ ಬೆಳಕೇ ಇನ್ನೂ ಮುಗಿದಿಲ್ಲ."