ಕೊಟ್ಟ ಮಾತು ವಾಪಸ್ ತರಲು ಹೋದ ಮರಿಸ್ವಾಮಿ

ಚಿಕ್ಕತಾಯಮ್ಮ ಅಂತ ಒಬ್ಬಳಿದ್ದಳು. ಅವಳಿಗೊಬ್ಬನೇ ಮಗ, ಮರಿಸ್ವಾಮಿ. ಮೀಸೆ ಬಂದಿತ್ತು, ಬುದ್ಧಿ ಬಂದಿರಲಿಲ್ಲ. "ನಾನು ಕಣ್ಣು ಮುಚ್ಚಿದ ಮೇಲೆ ನಿನ್ನ ಗತಿ ಏನೋ?" ಅಂದರೆ, "ಮತ್ತೆ ಕಣ್ಣು ಬಿಡಮ್ಮ, ಅದಕ್ಕೇನು!" ಅನ್ನೋನು.

ಇಬ್ಬರೂ ಇದ್ದದ್ದು ಪುಟ್ಟಮಾದಪ್ಪನವರ ಬಾಡಿಗೆ ಮನೆಯಲ್ಲಿ. ಒಡೆದ ಹೆಂಚು ಹಾಕಿಸಿಕೊಡಲಿಲ್ಲ ಅಂತ ಚಿಕ್ಕತಾಯಮ್ಮನಿಗೆ ರೋಷ ಬಂತು. ಆಚೆ ಕೇರಿಯಲ್ಲಿ ಬೇರೆ ಮನೆ ನೋಡಿದಳು.

"ಮರೀ, ಬರೋ ತಿಂಗಳು ಮನೆ ಬಿಡ್ತೀವಿ ಅಂತ ಮಾಲೀಕರ ಕಿವಿಗೆ ಹಾಕಿ ಬಾ."

ಹೋದ. ಪುಟ್ಟಮಾದಪ್ಪ ಜಗಲಿಯಲ್ಲಿ ನಿದ್ದೆ ಹೊಡೆಯುತ್ತಿದ್ದರು. ಕಿವಿಗೇ ಬಾಯಿಟ್ಟು, "ಮನೆ ಬಿಡ್ತೀವಿ!" ಅಂತ ಕಿರುಚಿದ. ಅವರು ಬೆಚ್ಚಿ ಬಿದ್ದೆದ್ದು, "ಬಿಡ್ರಪ್ಪಾ ಬಿಡಿ! ಬೇಡ ಅಂದೋರು ಯಾರು?" ಅಂದರು.

ಮನೆಗೆ ಬಂದು ಹೇಳಿದಾಗ ಚಿಕ್ಕತಾಯಮ್ಮ ಹಣೆ ಚಚ್ಚಿಕೊಂಡಳು. "ಅಯ್ಯೋ ಪೆದ್ದೇ! ದೊಡ್ಡವರ ಹತ್ತಿರ ಮೆತ್ತಗೆ ಮಾತಾಡಬೇಕು ಕಣೋ!"

"ಆಗಲಮ್ಮ."

ಹೊಸ ಮನೆ ಗುಡಿಸೋಕೆ ಹೋದ ದಿನ ಅವನನ್ನ ಉಪ್ಪಿಗೆ ಕಳಿಸಿದಳು. ಎಷ್ಟು ಹೊತ್ತಾದರೂ ಬರಲಿಲ್ಲ. ಹುಡುಕಿದರೆ, ಉಪ್ಪು ಹಿಡಿದು ಹಳೇ ಮನೆ ಬಾಗಿಲಲ್ಲೇ ಕೂತಿದ್ದಾನೆ! "ಮನೆಗೇ ತಂದೆನಲ್ಲಮ್ಮ!"

ಚಿಕ್ಕತಾಯಮ್ಮ ಬೈಯಲಿಲ್ಲ. ಪಕ್ಕದಲ್ಲಿ ಕೂತು ಯೋಚಿಸಿದಳು. ನಾನು ಹೋದ ಮೇಲೂ ಇವನು ಹುಡುಕಿಕೊಂಡು ಬರೋದು ಈ ಬಾಗಿಲಿಗೇ. ಆಗ ಯಾರೋ ಬಾಗಿಲು ತೆಗೆದು, ಯಾರಪ್ಪ ನೀನು ಅಂದರೆ? ರೋಷವೆಲ್ಲ ಇಳಿದುಹೋಯಿತು.

"ಹೋಗು ಮರೀ, ಕೊಟ್ಟ ಮಾತು ವಾಪಸ್ ತಗೊಂಡು ಬಾ."

ಚೀಲ ಹಿಡಿದು ಹೋದ. ಮೆತ್ತಗೆ ಕೇಳಿದ, ಕೇಳಿಸಲಿಲ್ಲ. ಇನ್ನೂ ಮೆತ್ತಗೆ ಕೇಳಿದ. ಪುಟ್ಟಮಾದಪ್ಪ ಅವನ ಬಾಯಿಗೇ ಕಿವಿ ಕೊಟ್ಟರು.

"ನಮ್ಮ ಮಾತು ಇದರೊಳಗೆ ಹಾಕಿ, ಬುದ್ದಿ."

"ಎಲ್ಲಿಂದ ಹಾಕಲೋ? ಆ ಮನೆ ಕೊಡ್ತೀನಿ ಅಂತ ಟೈಲರ್ ಮಾದೇಶನಿಗೆ ಮಾತು ಕೊಟ್ಟಾಯ್ತು!"

ಚಿಕ್ಕತಾಯಮ್ಮ ಮತ್ತೆ ಅಟ್ಟಿದಳು. "ಖಾಲಿ ಚೀಲ ತಂದ್ಯಾ! ಹೋಗಿ ಅವರ ಕಾಲು ಹಿಡಿಯೋ! ಹ್ಞೂಂ ಅನ್ನೋತನಕ ಬಿಡಬೇಡ!"

ಹಿಡಿದ. ಎರಡೂ ಕೈಯಲ್ಲಿ ಹಿಡಿದ. ಕಾಫಿಪುಡಿ ಅಂಗಡಿಗೆ ಹೊರಟಿದ್ದ ಪುಟ್ಟಮಾದಪ್ಪ ಅವನನ್ನೂ ಎಳಕೊಂಡೇ ಬೀದಿ ದಾಟಿದರು. ಅಂಗಡಿಯವನು ನಗತೊಡಗಿದ.

"ಹ್ಞೂಂ ಕಣೋ, ಇರಿ! ಮಾದೇಶನಿಗೆ ಮಾತ್ರ ನೀವೇ ಹೇಳಿ. ಪಾಪ, ಅವನು ಇದ್ದ ಮನೆ ಬಿಡ್ತೀನಿ ಅಂತ ಹೇಳಿಬಿಟ್ಟಿದ್ದಾನೆ. ಹೆಂಡತಿ ಚೆಲುವಿ ತುಂಬು ಬಸುರಿ."

ಮಗ ಬಂದು ಅದನ್ನ ಹೇಳಿದಾಗ ಚಿಕ್ಕತಾಯಮ್ಮ ಉಣ್ಣುತ್ತಿದ್ದ ತಟ್ಟೆ ಪಕ್ಕಕ್ಕೆ ಸರಿಸಿದಳು.

"ಆ ಹುಡುಗಿ ಮುಖ ಹೆಂಗೆ ನೋಡಲಿ? ಮನೆ ಇಲ್ಲ ಅಂತ ನೀನೇ ಹೇಳಿ ಬಾಪ್ಪ. ಮನಸ್ಸು ನೋಯೋ ಮಾತು ಮಾತ್ರ ಆಡಬೇಡ."

ಮಾರನೇ ಬೆಳಿಗ್ಗೆ ಬಾಗಿಲಿಗೆ ಗಾಡಿ ಬಂತು. ಗಾಡಿ ತುಂಬ ಪಾತ್ರೆ, ಹೊಲಿಗೆ ಮಿಷನ್ನು. ಹಿಂದೆ ಮಾದೇಶ, ಸೊಂಟ ಹಿಡಿದ ಚೆಲುವಿ.

"ಏನು ಹೇಳಿದ್ಯೋ?"

"ಇಲ್ಲ ಅಂದ್ರೆ ನೋಯುತ್ತೆ ಅಂತ, ಬನ್ನಿ ಅಂದೆ."

ಚಿಕ್ಕತಾಯಮ್ಮ ಹೊಡೆಯೋಕೆ ಕೈ ಎತ್ತಿದಳು. ಮೆಟ್ಟಿಲ ಮೇಲೆ ಏದುಸಿರು ಬಿಡುತ್ತಿದ್ದ ಚೆಲುವಿಯನ್ನ ನೋಡಿ ಇಳಿಸಿದಳು. ಇಷ್ಟು ಬುದ್ಧಿ ಇದ್ದೂ ತನಗೆ 'ಬನ್ನಿ' ಅನ್ನೋ ಆ ಮಾತು ಹೊಳೆಯಲಿಲ್ಲವಲ್ಲ!

"ಎರಡು ಕೋಣೆ ಇದೆಯಲ್ಲ, ಹೊಂದಿಕೊಂಡು ಇರೋಣ ಬನ್ನಿ. ಮರೀ, ಇವರಿಗೆ ಒಳಗೆ ಜಾಗ ಮಾಡಿಕೊಡು. ಹಾಲು ತರ್ತೀನಿ."

ಹಾಲು ತಂದು ನೋಡುತ್ತಾಳೆ, ಅವಳ ಮಂಚ, ಒರಳು, ದೇವರ ಪಟ ಎಲ್ಲಾ ಬೀದಿಯಲ್ಲಿ! ಒಳಗೆ ಚೆಲುವಿ ಹೊಟ್ಟೆ ಹಿಡಿದು ನಗುತ್ತಿದ್ದಾಳೆ. ಮರಿಸ್ವಾಮಿ ಬಾಗಿಲಿಗೆ ಅಡ್ಡ ನಿಂತ.

"ಅಲ್ಲೇ ನಿಲ್ಲಮ್ಮ! ಈಗ ತಾನೇ ಜಾಗ ಮಾಡಿದೀನಿ. ನೀನು ಬಂದು ತುಂಬಿಸಿಬಿಟ್ಟೀಯ!"